ಕಣ್ಣೆದುರಿನ ಗಾಜು

ಎರಡನೇ ಏಟಿಗೆ ಮೆಕ್ಯಾನಿಕ್ ಮಂಚಯ್ಯನ ಹಲ್ಲು ಕಿತ್ತುಬಂದು ರಾಗಿ ಕೂಳೆಯ ಮೇಲೆ ಬಿತ್ತು. ದೇವರಾಜುವಿನ ಕೈಯ ಸಲಾಕೆ ನಿಲ್ಲಲಿಲ್ಲ. ಹತ್ತು ಮಾರು ಆಚೆ, ಮೂಗು ನೆಲದಲ್ಲಿ ಹೂತುಹೋಗಿದ್ದ ಪುಟ್ಟ ವಿಮಾನದ ಪಕ್ಕ, ಅವನ ತಮ್ಮ ರವೀಂದ್ರನ ಹೆಣಕ್ಕೆ ಪಂಚೆ ಹೊದಿಸಿದ್ದರು.

“ಇಂಜಿನ್ ಸರ್ಯಾಗ್ ನೋಡ್ದೆ ಕಳ್ಸಿದ್ದೀಯ ಕಣ್ಲಾ. ನನ್ ತಮ್ಮನ್ನ ತಿಂದ್ಬುಟ್ಟೆ.”

“ಇಂಜಿನ್ ಚೆನ್ನಾಗೇ ಇತ್ತು ಅಣ್ಣ,” ಮಂಚಯ್ಯ ರಕ್ತ ಉಗುಳಿದ.

ಅದು ಗೊತ್ತಿದ್ದವರು ಅಲ್ಲಿ ಇನ್ನೊಬ್ಬರಿದ್ದರು. ಮಂಚಯ್ಯನ ಜೊತೆ ಜೀಪಿನಲ್ಲಿ ಬಂದಿಳಿದಿದ್ದ, ಹೊಳೆನರಸೀಪುರದಲ್ಲಿ ಫಿಸಿಕ್ಸ್ ಪಾಠ ಹೇಳುವ ಸಂಪತ್ಕುಮಾರ್ ಮೇಷ್ಟ್ರು. ಪೈಲಟ್ ತಲೆ ಬಗ್ಗಿಸದೆ ಎತ್ತರ, ವೇಗ ಓದಿಕೊಳ್ಳಲೆಂದು ಅವನ ಕಣ್ಣೆದುರು ಗಾಜನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಹಸಿರು ಅಂಕಿ ಮೂಡಿಸಿದ್ದು ಅವರೇ. ೨೦೦೧ರಿಂದ ಎರಡು ವರ್ಷ ಕೂತು ಮಾಡಿದ್ದು. ಮನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟು ತೋರಿಸಿದ್ದೇ ತೋರಿಸಿದ್ದು.

ರಾಮನಾಥಪುರದ ಹೊಳೆದಂಡೆಯಲ್ಲಿ ಮುಹೂರ್ತ ನೋಡಿ ಪೂಜೆ ಮಾಡಿ, ಎತ್ತರದ ಅಂಕಿಯನ್ನು ಸೊನ್ನೆಗೆ ತಂದು, ಅದನ್ನು ಹೊಂದಿಸುವ ತಿರುಪಿಗೆ ಅರಿಶಿನದ ದಾರ ಕಟ್ಟಿದ್ದರು. ಈ ಬೆಳಿಗ್ಗೆ ರವೀಂದ್ರ ಅಲ್ಲಿಂದ ಈ ಊರಿಗೆ, ಕಟ್ಟಾಯಕ್ಕೆ, ವಿಮಾನ ಹಾರಿಸಿಕೊಂಡು ಹೊರಡುವಾಗ ಮಂಚಯ್ಯ, “ಕಟ್ಟಾಯದ ನೆಲ ಇಲ್ಲಿಗಿಂತ ಎತ್ರ ಸಾ. ಅಲ್ಲೀದಕ್ಕೆ ತಿರುಗಿಸ್ಬುಡ್ಲಾ?” ಎಂದು ಕೇಳಿದ್ದ.

“ಮುಹೂರ್ತದಲ್ಲಿ ಕಟ್ಟಿದ್ದು, ಮುಟ್ಟಬೇಡ,” ಎಂದಿದ್ದರು ಮೇಷ್ಟ್ರು. “ಇಳಿಯುವಾಗ ಮುನ್ನೂರು ಅಡಿ ಕಳೆದುಕೊಂಡರಾಯಿತು, ಅಲ್ವೇನಪ್ಪ ರವೀಂದ್ರ?”

ರವೀಂದ್ರ ತಲೆಯಾಡಿಸಿದ್ದ. ಕಟ್ಟಾಯದಲ್ಲಿ ಮಂಜು ಮುಸುಕಿತ್ತು. ಅವಸರದಲ್ಲಿ ಅವನು ಕಳೆಯುವುದನ್ನು ಮರೆತ. ಗಾಜಿನಲ್ಲಿ ಇನ್ನೂ ಮುನ್ನೂರು ಅಡಿ ಉಳಿದಿರುವಾಗಲೇ ನೆಲ ಬಂದು ಬಡಿಯಿತು.

ಸುಮ್ಮನಿದ್ದರೆ ಮಂಚಯ್ಯ ಸಾಯುತ್ತಾನೆ, ಬಾಯಿಬಿಟ್ಟರೆ ತಾವು. ಜೀವಭಯ ಅಂದರೇನೆಂದು ಮೇಷ್ಟ್ರಿಗೆ ಐವತ್ತು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ಆದರೂ ಮುಂದೆ ಬಂದು ನಿಂತರು.

“ಅವನನ್ನ ಬಿಡು ದೇವರಾಜು. ತಪ್ಪು ನನ್ನದು. ಅವನು ಸರಿಮಾಡ್ತೀನಿ ಅಂದ, ದಾರ ಮುಟ್ಟಬೇಡ ಅಂದವನು ನಾನು. ಹೊಡೆಯೋದಾದರೆ ನನ್ನ ಹೊಡಿ.”

ಸಲಾಕೆ ಗಾಳಿಯಲ್ಲೇ ನಿಂತಿತು. ದೇವರಾಜು ಮೇಷ್ಟ್ರ ಹಣೆಯ ನಾಮವನ್ನೇ ನೋಡಿದ. ತನ್ನ ಮದುವೆ, ರವೀಂದ್ರನ ಮದುವೆ, ಎರಡನ್ನೂ ಮಂತ್ರ ಹೇಳಿ ಮಾಡಿಸಿದ್ದು ಇವರ ಅಪ್ಪ.

“ದೊಡ್ಡೋರು ನೀವು. ನಿಮ್ ಮ್ಯಾಲೆ ಕೈ ಮಾಡಕಾಯ್ತದಾ ಸಾ.” ಅವನು ಮಂಚಯ್ಯನ ಕಡೆ ತಿರುಗಿದ. “ಗೊತ್ತಿದ್ ಮ್ಯಾಲೆ ನೀನ್ಯಾಕ್ಲಾ ದಾರ ಕಿತ್ತಾಕ್ನಿಲ್ಲ?”

ಸಲಾಕೆ ಮಂಚಯ್ಯನ ಮೊಣಕೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಅಡ್ಡ ಹೋಗಲು ನೋಡಿದರು. ನಾಲ್ವರು ಅವರನ್ನು ಮೆಲ್ಲಗೆ, ಮರ್ಯಾದೆಯಿಂದ ಹಿಡಿದು ಪಕ್ಕಕ್ಕೆ ಕರೆತಂದರು. ಬಿಸಿಲು ಏರುತ್ತಿತ್ತು. ಯಾರೋ ಪಂಪ್‌ಸೆಟ್ ಮನೆಯಿಂದ ಕುರ್ಚಿ ತಂದು, ಧೂಳು ಒರೆಸಿ, ನೆರಳಿಗೆ ಹಾಕಿ ಅವರನ್ನು ಕೂರಿಸಿದರು.