ಬಣ್ಣ ತಪ್ಪಿದ ಎಳೆಗಳು

ತನಗೆ ಕ್ಷಯ ಇದೆ ಎಂದು ಗೊತ್ತಾದ ದಿನ ಸಂಜೀವ ಹೆಂಡತಿ ವೃಂದಾಳಿಗೆ ಹೇಳಿದ ಮೊದಲ ಮಾತು, "ಕೆಲಸದ ಕಡೆ ಯಾರಿಗೂ ಗೊತ್ತಾಗಬಾರದು."

ಚೆನ್ನೈಯ ಆಫೀಸು ಕಟ್ಟಡಗಳಿಗೆ ಟೆಲಿಫೋನ್, ಇಂಟರ್ನೆಟ್ ಕೇಬಲ್ ಎಳೆಯುವ ಸಣ್ಣ ಕಂಪನಿಯೊಂದರಲ್ಲಿ ಅವನು ಕೇಬಲ್ ತುದಿಗಳನ್ನು ಬೆಸೆಯುವ ಹಿರಿಯ ಜಾಯಿಂಟರ್. ತಾಮ್ರದ ತಂತಿಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವನು ಈಗ ಫೈಬರ್ ಬೆಸೆಯುತ್ತಿದ್ದ. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು, ಒಂದೊಂದಕ್ಕೂ ಬೇರೆ ಬೇರೆ ಬಣ್ಣ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಬೇಕು. ತಪ್ಪಿದರೆ ಒಂದು ಮಹಡಿಯ ಲೈನು ಇನ್ನೊಂದು ಮಹಡಿಗೆ ಹೋಗಿ ಕೂರುತ್ತದೆ.

ಹಿಂದಿನ ವರ್ಷ ಕೆಮ್ಮುತ್ತಿದ್ದ ಒಬ್ಬ ಕೆಲಸಗಾರನಿಗೆ ಮಾಲೀಕ ಗುರುಚರಣ, "ಊರಿಗೆ ಹೋಗಿ ರೆಸ್ಟ್ ತಗೊಳ್ಳಪ್ಪ" ಎಂದಿದ್ದರು. ಬೈದಿರಲಿಲ್ಲ. ಆದರೆ ಮತ್ತೆ ಕರೆಯಲೂ ಇಲ್ಲ. ಸಂಜೀವನಿಗೆ ಅದು ನೆನಪಿತ್ತು. ವೇಲಚೇರಿಯ ಆಸ್ಪತ್ರೆಯಿಂದ ಮಾತ್ರೆ ತಂದು, ಬೆಳಿಗ್ಗೆ ಕದ್ದವನಂತೆ ನುಂಗಿ, ಗಿಂಡಿಯ ಹೊಸ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಮಾತ್ರೆ ಕೊಡುವಾಗ ನರ್ಸ್ ಹೇಳಿದ್ದಳು: "ಕಣ್ಣು ಮಂಜಾದ್ರೆ, ಬಣ್ಣ ವ್ಯತ್ಯಾಸ ಆದ್ರೆ ತಕ್ಷಣ ಬನ್ನಿ."

ಕೆಮ್ಮು ಇಳಿಯಿತು. ಮೈ ಸ್ವಲ್ಪ ತುಂಬಿಕೊಂಡಿತು. ಆಮೇಲೊಂದು ಸಂಜೆ ಮಗಳು ರಚನಾ ಶಾಲೆಯ ನೃತ್ಯಕ್ಕೆ ಜಡೆ ಹೆಣೆದುಕೊಳ್ಳುತ್ತ ಕೆಂಪು ರಿಬ್ಬನ್ ಕೊಡು ಎಂದಳು. ಅವನು ಕೊಟ್ಟ. ಅವಳು ನಕ್ಕು, ಶಾಲೆಯ ತಮಿಳು ಬೆರೆಸಿ ಹೇಳಿದಳು.

"ಅಪ್ಪಾ, ಇದು ಪಚ್ಚೈ! ನಾನು ಕೇಳಿದ್ದು ಸಿವಪ್ಪು."

ಅವಳ ಕೈಯಲ್ಲಿದ್ದ ಹಸಿರು ರಿಬ್ಬನ್ನನ್ನೂ ಮೇಜಿನ ಮೇಲಿದ್ದ ಕೆಂಪು ರಿಬ್ಬನ್ನನ್ನೂ ಅವನು ನೋಡಿದ. ಎರಡೂ ಒಂದೇ ತರಹ ಮಾಸಲಾಗಿದ್ದವು. ಒಲೆಯ ಮುಂದಿದ್ದ ವೃಂದಾ ತಿರುಗಿ ನೋಡಿದಳು. "ಲೈಟು ಸರಿಯಿಲ್ಲ" ಎಂದ ಅವನು.

ಮರುದಿನ ಅವಳು ಆಸ್ಪತ್ರೆಗೆ ಹೋಗೋಣ ಎಂದಳು. ಗಿಂಡಿಯ ಕೆಲಸ ಒಪ್ಪಿಸುವ ದಿನ ಹತ್ತಿರ ಬಂದಿತ್ತು. "ಇದೊಂದು ಮುಗೀಲಿ" ಎಂದ.

ಜೊತೆಗಾರ ಅಂದಾನಿ ಗದಗಿನ ಕಡೆಯವನು. ಸಂಜೀವನ ಕೈಕೆಳಗೇ ಕೆಲಸ ಕಲಿತವನು. ಊಟದ ಡಬ್ಬಿಯಿರಲಿ ನೀರಿನ ಬಾಟಲಿಯಿರಲಿ, ಇಬ್ಬರದೂ ಒಂದೇ.

"ಕನ್ನಡಕ ಒಡೆದಿದೆ, ನೀನು ಬಣ್ಣ ಹೇಳ್ತಾ ಹೋಗು" ಎಂದ ಸಂಜೀವ.

ಅಂದಾನಿ ಹೇಳುತ್ತ ಹೋದ, ಇವನು ಬೆಸೆಯುತ್ತ ಹೋದ. ಕೆಲವು ವಾರ ಹಾಗೇ ನಡೆಯಿತು. ಅಂದಾನಿ ರಜೆ ಹಾಕಿದ ದಿನ ಮೂರನೇ ಮಹಡಿಯ ಕೇಬಲ್ ಡಬ್ಬಿಯನ್ನು ಸಂಜೀವ ಒಬ್ಬನೇ ಮಾಡಿದ. ಎಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂದಾಜಿನಲ್ಲಿ ಸೇರಿಸಿದ.

ಪರೀಕ್ಷೆಯ ದಿನ ಲೈನುಗಳು ಅಡ್ಡಾದಿಡ್ಡಿ ಬಂದವು. ಅಂದಾನಿ ಡಬ್ಬಿ ಬಿಚ್ಚಿದ.

"ಅಣ್ಣಾರ, ಕೆಂಪಿಗೆ ಕಂದು ಹಚ್ಚೀರಲ್ರೀ. ಹಸರೂ ತಪ್ಪೈತಿ." ಒಂದು ಎಳೆ ಎತ್ತಿ ಹಿಡಿದ. "ಇದು ಯಾವ ಬಣ್ಣ, ಹೇಳ್ರಿ."

ಸಂಜೀವ ಅದನ್ನು ಕಿಟಕಿಯ ಬೆಳಕಿನತ್ತ ತಿರುಗಿಸಿ ನೋಡಿದ.

"ಕನ್ನಡಕದ ಮಾತಲ್ರೀ ಇದು. ಏನಾಗೈತಿ ನಿಮಗ?"

ಅಷ್ಟು ತಿಂಗಳು ಬಚ್ಚಿಟ್ಟದ್ದು ಆಗ ಬಾಯಿಂದ ಹೊರಬಂತು: ಕ್ಷಯ, ಮಾತ್ರೆ, ನರ್ಸ್ ಹೇಳಿದ ಮಾತು. ಅಂದಾನಿ ಸಮಾಧಾನ ಹೇಳುತ್ತಾನೆ ಎಂದುಕೊಂಡಿದ್ದ. ಅಂದಾನಿಯ ಮುಖ ಬಿಳಿಚಿತು.

"ಒಂದ ಬಾಟ್ಲಿ ನೀರು ಕುಡದೀವಿ. ಮುಖಕ್ಕ ಮುಖ ಕೊಟ್ಟು ಕುಂತೀವಿ. ಆಗ ಎಷ್ಟು ಕೆಮ್ಮತಿದ್ರಿ! ನನ್ನ ಮನ್ಯಾಗ ಹಸುಗೂಸು ಐತ್ರೀ."

"ಈಗ ಹರಡಲ್ಲ ಅಂದಿದಾರೆ ಡಾಕ್ಟ್ರು."

"ಈಗ ಹರಡಂಗಿಲ್ಲ. ಆಗ?"

ಅಂದಾನಿ ಬಾಟಲಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕೆಗಳ ಹಾಳೆಗಳನ್ನು ಒಂದೊಂದಾಗಿ ತೋರಿಸಿದರು. ಸಂಜೀವನಿಗೆ ಒಂದರಲ್ಲೂ ಅಂಕಿ ಕಾಣಲಿಲ್ಲ. "ಮಾತ್ರೆಗಳಲ್ಲಿ ಒಂದು ಕೆಲವರ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತೆ. ಅದನ್ನ ಇವತ್ತೇ ನಿಲ್ಲಿಸಿ ಬೇರೆ ಔಷಧಿ ಬರೆಸ್ತೀನಿ" ಎಂದರು. "ಶುರುವಾದಾಗಲೇ ಬಂದಿದ್ರೆ ಬಹುಶಃ ಪೂರ್ತಿ ಸರಿಹೋಗ್ತಿತ್ತು. ಈಗ ಎಷ್ಟು ವಾಪಸ್ ಬರುತ್ತೋ ಹೇಳಕ್ಕಾಗಲ್ಲ."

ಹೊರಗಿನ ಬೆಂಚಿನ ಮೇಲೆ ವೃಂದಾ ಅವನ ಪಕ್ಕ ಕೂತಳು. "ಅವತ್ತೇ ಕೈ ಹಿಡಿದು ಎಳ್ಕೊಂಡು ಬರಬೇಕಿತ್ತು ನಾನು" ಎಂದಳು. ಅವನು ಅವಳ ಕೈ ಹಿಡಿದುಕೊಂಡ.

ಕ್ಷಯ ವಾಸಿಯಾಯಿತು. ಅಂದಾನಿಗೂ ಅವನ ಮನೆಯವರಿಗೂ ಪರೀಕ್ಷೆಯಾಗಿ, ಯಾರಿಗೂ ಏನೂ ಇಲ್ಲವೆಂದು ತಿಳಿಯಿತು. ಸಂಜೀವನ ಕಣ್ಣಿನ ಮಂಜು ಹೋಯಿತು, ಬಣ್ಣ ಮಾತ್ರ ಬರಲಿಲ್ಲ. ಎಲ್ಲ ತಿಳಿದ ಮೇಲೂ ಗುರುಚರಣ ಅವನನ್ನು ಕೆಲಸದಿಂದ ತೆಗೆಯಲಿಲ್ಲ. "ಕೇಬಲ್ ಎಳೆಯೋ ಕಡೆ ಇರು" ಎಂದರು. ಬೆಸೆಯುವ ಯಂತ್ರದ ಪೆಟ್ಟಿಗೆ ಅಂದಾನಿಯ ಕೈಗೆ ಹೋಯಿತು.

ಮುಂದಿನ ಕೆಲಸ ಅಣ್ಣಾ ನಗರದಲ್ಲಿ. ಮೊದಲ ದಿನ ಮಧ್ಯಾಹ್ನ ಅಂದಾನಿ ತನ್ನ ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲ ಮೇಲೆ ದೂರ ಹೋಗಿ ಕೂತ. ಸಂಜೀವ ಕೇಬಲ್ ಸುರುಳಿಯ ಪಕ್ಕದಲ್ಲೇ ಒಬ್ಬನೇ ಉಂಡ.

ಊಟವಾದ ಮೇಲೆ ಕಟ್ಟಡದಲ್ಲಿ ಕರೆಂಟು ಹೋಯಿತು. ಅಂದಾನಿ ಕೇಬಲ್ ಡಬ್ಬಿಯ ಮುಂದೆ ಕೂತು, ತಲೆ ಎತ್ತದೆ, "ಯಾರರ ಸ್ವಲ್ಪ ಬೆಳಕು ಹಿಡೀರಿ" ಎಂದ. ಹತ್ತಿರದಲ್ಲಿದ್ದವನು ಸಂಜೀವ ಒಬ್ಬನೇ. ಟಾರ್ಚು ಹಿಡಿದು ಅವನ ಹಿಂದೆ ನಿಂತ.

"ಎಡಕ್ಕ" ಎಂದ ಅಂದಾನಿ.

ಸಂಜೀವ ಎಡಕ್ಕೆ ಸರಿಸಿದ. ಬೆಳಕಿನಲ್ಲಿ ಎಳೆಗಳೆಲ್ಲ ಒಂದೇ ಮಾಸಲು ಬಣ್ಣದಲ್ಲಿ ಹರಡಿಕೊಂಡಿದ್ದವು. ನೋಡಬಾರದು ಎಂದುಕೊಂಡರೂ ಅವನು ನೋಡುತ್ತಲೇ ಇದ್ದ.