ನಬೀಲನಿಗೆ ಕಳಿಸಿದ ಫೋಟೊ

ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ನಮ್ಮೆಲ್ಲರ ಫೋನಿಗೆ ಹತ್ತಾರು ಫೋಟೊ, ವಿಡಿಯೊ ಬಂದು ಬಿದ್ದಿರುತ್ತವೆ. ಗಲ್ಫಿನ ಅರ್ದಿಯಾದ ಗೋದಾಮಿನಲ್ಲಿ ಕೆಲಸ ಮಾಡುವ ಧನರಾಜನಿಗೂ ಜುಲೈಯ ಒಂದು ದಿನ ಅಂಥದೇ ಫೋಟೊ ಬಂತು. ಕುಸಿದ ಮನೆಗಳು, ಗೋಳಾಡುವ ಜನ. ಕೆಳಗೆ ಗಾಜಾದ ಒಂದು ನಿರಾಶ್ರಿತರ ಶಿಬಿರದ ಹೆಸರು. 'ಇಂದು ನಸುಕಿನ ದಾಳಿ. ಯಾರೂ ಉಳಿದಿಲ್ಲ.'

ಧನರಾಜನ ಜೊತೆಗೆ ದುಡಿಯುವ ಪ್ಯಾಲೆಸ್ತೀನಿ ನಬೀಲನ ಅಕ್ಕ ಹನಾನ್ ಮಕ್ಕಳೊಂದಿಗೆ ಇರುವುದು ಅದೇ ಶಿಬಿರದಲ್ಲಿ. ಪಾಪ, ಗೊತ್ತಾಗಲಿ ಎಂದು ಧನರಾಜ ಅದನ್ನು ಅವನಿಗೂ ಕಳಿಸಿಬಿಟ್ಟ.

ನಬೀಲ್ ಅಕ್ಕನಿಗೆ ಫೋನ್ ಮಾಡಿದ. ಮತ್ತೆ ಮಾಡಿದ. ಲೈನ್ ಸಿಗಲಿಲ್ಲ. ಉಸಿರು ಕಟ್ಟಿದಂತಾಗಿ ಎದೆ ಹಿಡಿದುಕೊಂಡು ಕುಸಿದ. ಧನರಾಜ ಅವನನ್ನು ಕಾರಿಗೆ ಹತ್ತಿಸಿ ಹತ್ತಿರದ ಕ್ಲಿನಿಕ್ಕಿಗೆ ಓಡಿದ. ಅಲ್ಲಿನ ನರ್ಸ್ ಆಯಿಶತ್ ನಿಶಾ ಊರಿನ ಪರಿಚಯದವಳು. ಡಾಕ್ಟರು ನಬೀಲನನ್ನು ನೋಡುತ್ತಿದ್ದಾಗ ಅವಳು ಧನರಾಜನ ಫೋನಿನಲ್ಲಿ ಆ ಫೋಟೊ ನೋಡಿದಳು.

"ಇದು ಎಲ್ಲಿಂದ ಬಂದದ್ದು ಧನರಾಜಣ್ಣ?"

"ಗ್ರೂಪಲ್ಲಿ. ಯಾರು ಹಾಕಿದ್ದು ಅಂತ ಯಾರಿಗೆ ಗೊತ್ತು ಮಾರಾಯ್ತಿ? ಅಲ್ಲಿ ಜನ ಸಾಯುದು ಸುಳ್ಳಾ?"

"ಸುಳ್ಳಲ್ಲ. ದಿನದಿಂದ ದಿನಕ್ಕೆ ಜಾಸ್ತಿ ಆಗ್ತಾ ಉಂಟು. ಅದಕ್ಕೇ ಹೇಳುದು, ಅದ್ರಲ್ಲಿ ಸುಳ್ಳು ಬೆರೆಸ್ಬಾರ್ದು ಅಂತ. ಬೆರೆಸಿದ್ರೆ ನಾಳೆ ನಿಜ ಹೇಳಿದ್ರೂ ಯಾರೂ ನಂಬುದಿಲ್ಲ. ಸರಿ ನೋಡಿ, ಇವರೆಲ್ಲ ದಪ್ಪ ಕೋಟು ಹಾಕಿದ್ದಾರೆ. ಮಕ್ಕಳ ತಲೆಗೆ ಉಣ್ಣೆ ಟೊಪ್ಪಿ. ಈ ಜುಲೈ ಸೆಕೆಗೆ ಯಾರು ಹಾಕ್ತಾರೆ?"

ಅವಳು ತನ್ನ ಫೋನಿನಲ್ಲಿ ಹುಡುಕಿ ತೋರಿಸಿದಳು. ಅದೇ ಚಿತ್ರ, ವರ್ಷಗಳ ಹಿಂದಿನದು, ಬೇರೆಯೇ ದೇಶದ್ದು.

ಆದರೂ ಹನಾನ್ ಎಲ್ಲಿ? ಫೋಟೊ ಸುಳ್ಳೆಂದು ಹೇಳಿದರೂ ಮಂಚದ ಮೇಲೆ ನಬೀಲ್ ಅಕ್ಕನ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ. ನಾಲ್ಕು ಗಂಟೆ ಕಳೆದ ಮೇಲೆ ಅಕ್ಕನ ಸಂದೇಶ ಬಂತು. 'ನಾವು ಬದುಕಿದ್ದೇವೆ. ನೀರು ತರಲು ಹೋದ ಪಕ್ಕದ ಡೇರೆಯ ಇಬ್ಬರು ತೀರಿಕೊಂಡರು.'

ನಬೀಲ್ ಬಿಕ್ಕಿ ಬಿಕ್ಕಿ ಅತ್ತ. ಆ ಇಬ್ಬರ ಫೋಟೊ ಯಾವ ಗ್ರೂಪಿಗೂ ಬಂದಿರಲಿಲ್ಲ.

"ತಪ್ಪಾಯ್ತು ಭಾಯಿ," ಎಂದ ಧನರಾಜ.

"ಫೋಟೊ ಕಳಿಸಬೇಡ. ಮನೆಯವರು ಹೇಗಿದ್ದಾರೆ ಅಂತ ಕೇಳು, ಸಾಕು," ಎಂದ ನಬೀಲ್.

ಧನರಾಜ ಅಲ್ಲೇ ಕೂತು ಗ್ರೂಪಿನಲ್ಲಿ ಬರೆದ: 'ಅದು ಹಳೆಯ ಫೋಟೊ. ಕಳಿಸಿದವರೆಲ್ಲ ಅಳಿಸಿ, ಸುಳ್ಳೆಂದು ತಿಳಿಸಿ. ನಾನೂ ಕಳಿಸಿ ತಪ್ಪು ಮಾಡಿದೆ.'

ಓದುಗರೇ, ಶಿಬಿರಗಳಲ್ಲಿ ಸಾಯುತ್ತಿರುವವರು ನಮ್ಮ ಜೊತೆ ದುಡಿಯುವವರ ಅಕ್ಕ, ತಮ್ಮ, ಮಕ್ಕಳು. ಯಾವಾಗಿನ ಚಿತ್ರ, ಎಲ್ಲಿಯದು, ಯಾರು ಹೇಳಿದ್ದು ಎಂದು ತಿಳಿಯದೆ ಯಾವುದನ್ನೂ ಮುಂದಕ್ಕೆ ಕಳಿಸಬೇಡಿ. ನಿಮ್ಮ ಪಕ್ಕದಲ್ಲೂ ಒಬ್ಬ ನಬೀಲ್ ಇರಬಹುದು. ಇವತ್ತೇ ಹೋಗಿ ಅವನ ಮನೆಯವರು ಹೇಗಿದ್ದಾರೆಂದು ಅವನನ್ನು ಕೇಳಿ.