ತಂಬೂರಿ ನಿಂತ ಗಳಿಗೆ

ಕಂಪ್ಯೂಟರಿನ ತೆರೆಯ ಮೇಲೆ ಹಾಡು ಗುಡ್ಡಸಾಲಿನಂತೆ ಏರಿಳಿಯುತ್ತ ಸಾಗಿ, ಒಂದು ಕಡೆ ಥಟ್ಟನೆ ಬಿಗಿದು ಕಟ್ಟಿದ ನೂಲಿನಂಥ ನೇರ ಗೆರೆಯಾಗಿತ್ತು. ಸ್ವಲ್ಪ ದೂರದ ಮೇಲೆ ಮತ್ತೆ ಗುಡ್ಡಗಳು. ಆ ನೂಲನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನೂ ಸೇರಿಸಿಬಿಡಿ ಎಂದು ನನಗೆ ಹೇಳಿದ್ದರು.

ಹೇಳಿದವರು ಊರಿನ ಸಂಗೀತ ಸಭೆಯ ಕಾರ್ಯದರ್ಶಿ ಪುಟ್ಟಸ್ವಾಮಯ್ಯ. ನಾನಾಗ ಓದು ಮುಗಿಸಿ, ಬೇರೆ ಯಾವ ಕೆಲಸಕ್ಕೂ ಅವಸರಪಡದೆ, ಅಂಚೆ ಆಫೀಸಿನ ಎದುರಿನ ಕೋಣೆಯೊಂದರಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದೆ. ಜನರ ಮಾತಿಗಿಂತ ಮಾತಿನ ನಡುವಿನ ಬಿಡುವು ನನಗೆ ಹೆಚ್ಚು ಹಿಡಿಸುತ್ತಿತ್ತು. ಆ ಕೆಲಸದಲ್ಲಿ ಅಂಥ ಬಿಡುವುಗಳಿಗೆ ಬರವಿರಲಿಲ್ಲ.

ಸಭೆಯ ಹಿರಿಯ ಗಾಯಕರಾಗಿದ್ದ ತಿರುಮಲಾಚಾರ್ಯರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಕೊನೆಯ ಕಚೇರಿಯನ್ನು ಪುಣ್ಯದಿನದಂದು ಸಭಾಂಗಣದಲ್ಲಿ ಕೇಳಿಸಬೇಕೆಂಬುದು ಪುಟ್ಟಸ್ವಾಮಯ್ಯನವರ ಆಸೆ. ಅವರ ಕೈಲಿದ್ದದ್ದು ಸದಸ್ಯರ ಫೋನುಗಳಿಗೆ ಕಳಿಸಲೆಂದು ತಾವೇ ಕುಗ್ಗಿಸಿಕೊಂಡಿದ್ದ ಒಂದು ಸಣ್ಣ ಫೈಲು. ಅದನ್ನು ದೊಡ್ಡ ಸ್ಪೀಕರಿಗೆ ತಕ್ಕ ಗುಣಮಟ್ಟಕ್ಕೆ ಏರಿಸಿ ಕೊಡಬೇಕಿತ್ತು. ಫೈಲು ದೊಡ್ಡದಾಗುತ್ತದೆ, ಹಾಡು ದೊಡ್ಡದಾಗುವುದಿಲ್ಲ. ಕುಗ್ಗಿಸುವಾಗ ಬಿಟ್ಟುಹೋದದ್ದು ಮತ್ತೆ ಬರುವುದಿಲ್ಲ ಎಂದು ನಾನು ಹೇಳಿ ನೋಡಿದೆ.

"ನನ್ನ ಮೊಮ್ಮಗಳು ಒಂದು ಗುಂಡಿ ಒತ್ತಿ ಹತ್ತುಪಟ್ಟು ಮಾಡಿ ತೋರಿಸಿದ್ಳು ಕಣ್ರೀ. ನೀವು ಡಿಗ್ರಿ ಮಾಡ್ಕೊಂಡು ಆಗಲ್ಲ ಅಂತ ಕೂತಿದ್ದೀರಿ."

ಆ ಹೊತ್ತು ಅವರ ಜೊತೆ ಆಚಾರ್ಯರ ತಂಗಿ ಅಲಮೇಲಮ್ಮ ಬಂದಿದ್ದರು. ಲಂಗ ಉಡುವ ವಯಸ್ಸಿನಿಂದ ಅಣ್ಣನ ಬೆನ್ನ ಹಿಂದೆ ಕೂತು ತಂಬೂರಿ ಮೀಟಿದವರು. ಫೋಟೋಗಳಲ್ಲಿ ಅಣ್ಣನ ಭುಜದ ಹಿಂದಿನಿಂದ ಅವರ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ನಾನು ಆ ನೇರ ಗೆರೆಯ ಭಾಗವನ್ನು ಹಾಕಿದಾಗ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಆಚಾರ್ಯರು ಅಂದು ಸಾಹಿತ್ಯ ಮರೆತರೆಂದು ಊರೆಲ್ಲ ಆಡಿಕೊಂಡಿತ್ತು. ಹಿರಿಯರ ಮರ್ಯಾದೆ ಉಳಿಯಲಿ, ಆ ತುಂಡು ತೆಗೆದುಬಿಡಿ ಎಂದು ಪುಟ್ಟಸ್ವಾಮಯ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಲಮೇಲಮ್ಮ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು.

ಮಾರನೆಯ ದಿನ ಅವರೊಬ್ಬರೇ ಬಂದರು. ನೀರು ಕೇಳಿ ಕುಡಿದರು. ಅದನ್ನು ಕತ್ತರಿಸಿ ಆಯಿತೇ ಎಂದು ವಿಚಾರಿಸಿದರು. ಇಲ್ಲ, ಅಂಥ ಜಾಗಕ್ಕೆ ಕತ್ತರಿ ಹಾಕಲು ನನಗೆ ಮನಸ್ಸು ಬರುವುದಿಲ್ಲ ಎಂದೆ.

"ಹಾಕಿಬಿಡಪ್ಪ," ಎಂದರು. "ಅಣ್ಣ ಏನೂ ಮರೀಲಿಲ್ಲ. ನಿಂತಿದ್ದು ನನ್ನ ಕೈ."

ಆಮೇಲೆ ಬಿಡಿಸಿ ಹೇಳಿದರು. ಕಚೇರಿಯ ರಾತ್ರಿ ಅವರಿಗೆ ಅಂಥದ್ದೇನೂ ಅನ್ನಿಸಿರಲಿಲ್ಲವಂತೆ. ಅಣ್ಣ ತೀರಿಕೊಂಡ ಮೇಲೆ ಪುಟ್ಟಸ್ವಾಮಯ್ಯ ಕಳಿಸಿದ ಫೈಲನ್ನು ಫೋನಿನಲ್ಲಿ ಕೇಳಿದಾಗಲೇ ಗೊತ್ತಾದದ್ದು, ಅಲ್ಲಿ ತಂಬೂರಿ ಇಲ್ಲವೆಂದು. ಕೈ ಸೋತಿರಬೇಕು, ತೂಕಡಿಸಿರಬೇಕು. ಕಾಲಡಿಯ ನೆಲ ಸರಿದವನಂತೆ ಅಣ್ಣ ಅಲ್ಲಿ ನಿಂತುಬಿಟ್ಟ. ಕಚೇರಿಯಾಗಿ ಮೂರು ತಿಂಗಳಿಗೆ ಅವನೇ ಹೋಗಿಬಿಟ್ಟಿದ್ದ. ಕೇಳೋಣವೆಂದರೆ ಯಾರಿದ್ದಾರೆ? ಫೈಲು ಕೇಳಿದಂದಿನಿಂದ ತಂಬೂರಿಯ ಗವಸು ಬಿಚ್ಚಿರಲಿಲ್ಲ.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ತೆರೆಯ ಕಡೆ ತಿರುಗಿ ಆ ಗೆರೆಯನ್ನು ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಅದು ನೇರವಾಗಿಯೇ ಉಳಿಯಿತು. ಆಗ ನನಗೆ ಧೈರ್ಯ ಬಂತು. ಮೌನಗಳ ವಿಷಯದಲ್ಲಿ ನಾನು ಮೋಸಹೋಗುವವನಲ್ಲ. ತುಂಬಿದ ಸಭೆಯಲ್ಲಿ ಗಾಯಕ ನಿಂತರೆ ಯಾರಾದರೂ ಕೆಮ್ಮುತ್ತಾರೆ, ಕುರ್ಚಿ ಕಿರುಗುಟ್ಟುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಇಲ್ಲಿ ಅದಾವುದೂ ಇರಲಿಲ್ಲ. ಇಷ್ಟು ಚೊಕ್ಕಟವಾದ ಮೌನ ಯಾವ ಸಭೆಯಲ್ಲೂ ಹುಟ್ಟುವುದಿಲ್ಲ. ಇದು ಯಂತ್ರ ಮಾಡಿದ್ದು.

ಪುಟ್ಟಸ್ವಾಮಯ್ಯನವರಿಗೆ ಫೋನು ಮಾಡಿ, ಫೈಲು ಕುಗ್ಗಿಸುವಾಗ ಏನೇನು ಒತ್ತಿದಿರಿ ಎಂದು ಕೇಳಿದೆ. ಗದ್ದಲ ತೆಗೆಯಬೇಕೇ ಎಂದು ಯಂತ್ರವೇ ಕೇಳಿತಂತೆ. ಇವರು ಹೌದು ಎಂದರಂತೆ. ನನಗೆ ಅಷ್ಟು ಸಾಕಾಗಿತ್ತು. ಏರಿಳಿತವಿಲ್ಲದೆ ಒಂದೇ ಸಮನೆ ಹರಿಯುವ ಸದ್ದನ್ನು ಆ ಯಂತ್ರ ಗದ್ದಲವೆಂದು ತಿಳಿಯುತ್ತದೆ. ಫ್ಯಾನಿನ ಗುಂಯ್‌ಗುಡುವಿಕೆಗೂ ತಂಬೂರಿಗೂ ಅದಕ್ಕೆ ಭೇದವಿಲ್ಲ. ಅದನ್ನು ಅಳಿಸುವಾಗ ಅದರೊಳಗೆ ಸೇರಿಹೋದ ಸಣ್ಣ ಸದ್ದುಗಳನ್ನೂ ಅಳಿಸಿಬಿಡುತ್ತದೆ. ಇದನ್ನು ಅಲಮೇಲಮ್ಮನಿಗೆ ವಿವರಿಸಿ, ಕಚೇರಿಯನ್ನು ಮೊದಲು ಹಿಡಿದದ್ದು ಯಾವುದರಲ್ಲಿ ಎಂದು ವಿಚಾರಿಸಿದೆ.

ಅಣ್ಣನ ಪುಟ್ಟ ರೆಕಾರ್ಡರು ಮನೆಯಲ್ಲೇ ಇತ್ತು. ವೇದಿಕೆಯ ಮೇಲೆ ತಮ್ಮ ಮುಂದೆ ಇಟ್ಟುಕೊಂಡು, ಮನೆಗೆ ಬಂದು ತಮ್ಮ ತಪ್ಪುಗಳನ್ನು ತಾವೇ ಕೇಳಿಕೊಳ್ಳುವುದು ಆಚಾರ್ಯರ ರೂಢಿ. ಪುಟ್ಟಸ್ವಾಮಯ್ಯ ನಕಲು ಮಾಡಿಕೊಂಡದ್ದು ಅದರಿಂದಲೇ. ಅದರಲ್ಲಿ ಹಾಡು ಕುಗ್ಗದೆ ಇರುತ್ತದೆ, ತನ್ನಿ ಎಂದೆ.

ಅವರು ಎದ್ದು ಬಾಗಿಲವರೆಗೆ ಹೋಗಿ ನಿಂತರು.

"ಅದರಲ್ಲೂ ಇಲ್ದೇ ಇದ್ರೆ?"

"ಇರುತ್ತಮ್ಮ."

"ನೀನೇನು ಅಲ್ಲಿ ಕೂತಿದ್ಯಾ?"

"ಇಲ್ಲ. ಆದ್ರೂ ಇರುತ್ತೆ."

ಸಂಜೆಯೊಳಗೆ ತಂದರು. ಆಚಾರ್ಯರ ಹಳೆಯ ಜರಿ ಶಲ್ಯದಲ್ಲಿ ಸುತ್ತಿತ್ತು. ಹಾಡನ್ನು ಇಳಿಸಿಕೊಂಡು, ಹೆಡ್‌ಫೋನು ಬೇಡವೆಂದು ಸ್ಪೀಕರಿಗೇ ಹಾಕಿದೆ. ಆಚಾರ್ಯರ ದನಿ ಏರಿತು, ತುದಿ ಮುಟ್ಟಿತು, ನಿಂತಿತು. ಅಲಮೇಲಮ್ಮ ಕಣ್ಣು ಮುಚ್ಚಿಕೊಂಡಿದ್ದರು.

ತಂಬೂರಿ ನಡೆಯುತ್ತಿತ್ತು. ಅವಸರವಿಲ್ಲದೆ, ಒಂದೇ ಹದದಲ್ಲಿ, ಮೊದಲಿನಿಂದಲೂ ಇದ್ದ ಹಾಗೆ. ಎಲ್ಲೋ ಒಬ್ಬರು ಕೆಮ್ಮಿದರು. ಆಮೇಲೆ ತಂಬೂರಿಯ ನಾದದ ಒಳಗಿನಿಂದ ಆಚಾರ್ಯರ ದನಿ ತೀರಾ ತಗ್ಗಿನಲ್ಲಿ, ಸಭೆಗಲ್ಲ, ಹಿಂದೆ ಕೂತವರಿಗಷ್ಟೇ ಎನ್ನುವಂತೆ ಕೇಳಿಸಿತು: "ಆಹಾ." ಮತ್ತಷ್ಟು ಹೊತ್ತು ತಂಬೂರಿಯೊಂದೇ ನುಡಿಯಿತು. ಅನಂತರ ಅವರು ಅದೇ ಸ್ವರದಿಂದ ಹಾಡನ್ನು ಎತ್ತಿಕೊಂಡರು.

ಅಲಮೇಲಮ್ಮ ಕಣ್ಣು ತೆರೆದರು.

"ಕೇಳ್ತಿದ್ದ," ಎಂದರು. "ನೋಡು, ನಿಲ್ಲಿಸಿ ಕೇಳ್ತಿದ್ದ."

ಪುಣ್ಯದಿನದಂದು ಸಭೆಯಲ್ಲಿ ಆ ಭಾಗವನ್ನು ಕತ್ತರಿಸದೆಯೇ ಕೇಳಿಸಿದೆವು. ಪುಟ್ಟಸ್ವಾಮಯ್ಯ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆದರೆ ನನಗೆ ಉಳಿದಿರುವುದು ಆ ದಿನವಲ್ಲ, ಅದಕ್ಕೆ ಮೊದಲಿನ ಆ ಸಂಜೆ. ಇನ್ನೊಮ್ಮೆ ಹಾಕು ಎಂದರು ಅಲಮೇಲಮ್ಮ, ಹಾಕಿದೆ. ಸೆರಗಿನಿಂದ ಹೊರಬಂದ ಬಲಗೈ ಮಂಡಿಯ ಮೇಲೆ ಇಲ್ಲದ ತಂತಿಗಳನ್ನು ಒಂದೊಂದಾಗಿ ಮೀಟುತ್ತಿತ್ತು. ಎದುರಿನ ತೆರೆಯ ಮೇಲೆ, ಎರಡು ಗುಡ್ಡಗಳ ನಡುವೆ, ಆ ನೂಲು ಸಣ್ಣಗೆ ಕಂಪಿಸುತ್ತ ಹೋಗುತ್ತಿತ್ತು.